ದಂಡ ಹಿಡಿದ ಭಿಕ್ಷುಗಳು: ಷಾವೊಲಿನ್ ವಿಹಾರದ ಯುದ್ಧವಿದ್ಯೆಯ ಹಿಂದಿನ ಧರ್ಮವಿಚಾರ

ಪ್ರಾಣಿಹಿಂಸೆಯಿಂದ ದೂರವಿರುವುದು ಬೌದ್ಧಭಿಕ್ಷುವಿನ ಶೀಲಗಳಲ್ಲಿ ಮೊದಲನೆಯದು. ಯುದ್ಧಕ್ಕೆ ಸನ್ನದ್ಧವಾದ ಸೈನ್ಯವನ್ನು ನೋಡಲು ಹೋಗುವುದನ್ನು ಕೂಡ ವಿನಯಪಿಟಕವು ಭಿಕ್ಷುವಿಗೆ ದೋಷವೆಂದು ಎಣಿಸುತ್ತದೆ. ಚೀನದ ಬೌದ್ಧರಿಗೆ ಪ್ರಮಾಣಗ್ರಂಥವಾದ ಬ್ರಹ್ಮಜಾಲಸೂತ್ರವು ಆಯುಧಗಳನ್ನು ಸಂಗ್ರಹಿಸಿಡುವುದನ್ನೇ ನಿಷೇಧಿಸಿದೆ. ಹೀಗಿರಲು, ಇದೇ ಶೀಲಗಳನ್ನು ಸ್ವೀಕರಿಸಿದ ಭಿಕ್ಷುಗಳ ಒಂದು ವಿಹಾರವು ಕಾಳಗದ ವಿದ್ಯೆಯಿಂದಲೇ ಜಗತ್ಪ್ರಸಿದ್ಧವಾದುದು ಹೇಗೆ? ಆ ಭಿಕ್ಷುಗಳು ತಮ್ಮ ಮನಸ್ಸಾಕ್ಷಿಗೆ ಏನು ಸಮಾಧಾನ ಹೇಳಿಕೊಂಡರು? ಚೀನದ ಹೆನಾನ್ ಪ್ರಾಂತದ ಷಾವೊಲಿನ್ ವಿಹಾರದ ಚರಿತ್ರೆಯನ್ನು ಓದುವವರಿಗೆ ಈ ಪ್ರಶ್ನೆ ಸಹಜವಾಗಿ ಎದುರಾಗುತ್ತದೆ. ಸಾಮಾನ್ಯವಾಗಿ ಇದಕ್ಕೆ ದೊರೆಯುವ ಉತ್ತರವು ಸುಲಭವಾದುದು: ದಕ್ಷಿಣ ಭಾರತದಿಂದ ಹೋದ ಬೋಧಿಧರ್ಮನು ಧ್ಯಾನದಿಂದ ಜಡವಾಗಿದ್ದ ಭಿಕ್ಷುಗಳ ದೇಹವನ್ನು ಹುರಿಗೊಳಿಸಲು ವ್ಯಾಯಾಮವನ್ನು ಕಲಿಸಿದನು, ಅದೇ ಮುಂದೆ ಮುಷ್ಟಿಯುದ್ಧವಾಗಿ ಬೆಳೆಯಿತು, ಆದ್ದರಿಂದ ಅದರ ಮೂಲವು ಧ್ಯಾನ, ಅದರ ಗುರಿ ಆತ್ಮರಕ್ಷಣೆ ಮಾತ್ರ. ಈ ಉತ್ತರವು ನಮ್ಮ ದೇಶಾಭಿಮಾನಕ್ಕೂ ಹಿತವಾಗಿದೆ. ಆದರೆ ಆಧಾರಗಳನ್ನು ಒಂದೊಂದಾಗಿ ಎತ್ತಿ ನೋಡಿದರೆ ಇದು ನಿಲ್ಲುವುದಿಲ್ಲ. ತರಗತಿಯಲ್ಲಿ ಈ ಮಾತನ್ನು ಹೇಳಿದಾಗಲೆಲ್ಲ ವಿದ್ಯಾರ್ಥಿಗಳ ಮುಖದಲ್ಲಿ ನಿರಾಶೆ ಮೂಡುವುದನ್ನು ಕಂಡಿದ್ದೇನೆ. ಆ ನಿರಾಶೆಗೆ ಕಾರಣವಿಲ್ಲವೆಂದು ತೋರಿಸುವುದು ಪ್ರಕೃತ ಲೇಖನದ ಒಂದು ಉದ್ದೇಶ.

ಮೊದಲು ಬೋಧಿಧರ್ಮನ ವಿಚಾರ. ಅವನ ಹೆಸರು ಕಾಣುವ ಅತ್ಯಂತ ಹಳೆಯ ಬರವಣಿಗೆ ಕ್ರಿ.ಶ. 547ರಲ್ಲಿ ಯಾಂಗ್ ಷುವಾನ್‌ಜಿ ಎಂಬುವನು ಲೋಯಾಂಗ್ ನಗರದ ವಿಹಾರಗಳನ್ನು ಕುರಿತು ರಚಿಸಿದ ಗ್ರಂಥ. ಅದರಲ್ಲಿ ಬೋಧಿಧರ್ಮನು ಪಾರಸಿಕ ದೇಶದವನು, 150 ವರ್ಷ ವಯಸ್ಸಾದ ವೃದ್ಧ, ನಗರದ ಒಂದು ಸ್ತೂಪದ ಸೊಬಗನ್ನು ಕಂಡು ಬೆರಗಾದವನು. ಸುಮಾರು 100 ವರ್ಷಗಳ ಅನಂತರ, 645ರಲ್ಲಿ, ಭಿಕ್ಷುಗಳ ಜೀವನಚರಿತ್ರೆಗಳನ್ನು ಸಂಗ್ರಹಿಸಿದ ದಾವೊಷುವಾನನು ಅವನನ್ನು ದಕ್ಷಿಣ ಭಾರತದ ಬ್ರಾಹ್ಮಣನೆನ್ನುತ್ತಾನೆ. ಇವರಿಬ್ಬರಲ್ಲಿ ಯಾರೂ ಬೋಧಿಧರ್ಮನನ್ನು ಷಾವೊಲಿನ್ ವಿಹಾರದೊಡನೆ ಸೇರಿಸಿಲ್ಲ. ವ್ಯಾಯಾಮದ ಮಾತಂತೂ ಇಲ್ಲವೇ ಇಲ್ಲ. 7ನೆಯ ಶತಮಾನದ ಕೊನೆಯಲ್ಲಿ ಧ್ಯಾನಪಂಥದ ಫಾರು ಎಂಬ ಆಚಾರ್ಯನು ಷಾವೊಲಿನ್‌ನಲ್ಲಿ ನೆಲಸಿ 689ರಲ್ಲಿ ಅಲ್ಲಿಯೇ ತೀರಿಕೊಂಡನು. ಅವನ ಸಮಾಧಿಲೇಖನವು ಗುರುಪರಂಪರೆಯನ್ನು ಬೋಧಿಧರ್ಮನವರೆಗೆ ಒಯ್ಯುತ್ತದೆ. ಶಿಷ್ಯಪರಂಪರೆಯವರು ನೆಲಸಿದ ಸ್ಥಳಕ್ಕೆ ಮೂಲಗುರುವಿನ ಕಥೆಯೂ ಬಂದು ಸೇರಿತು. ಇಂಥದು ನಮ್ಮ ಮಠಗಳ ಚರಿತ್ರೆಯನ್ನು ಬಲ್ಲವರಿಗೆ ಹೊಸತಲ್ಲ.

ಬೋಧಿಧರ್ಮನ ಶಿಷ್ಯನಾದ ಹುಯ್‌ಕೊ ಎಂಬುವನ ತೋಳಿನ ಕಥೆಯನ್ನೂ ಇಲ್ಲಿಯೇ ನೋಡಬಹುದು. ಗುರುವು ಒಲಿಯದಿರಲು ಹಿಮದಲ್ಲಿ ನಿಂತು ತನ್ನ ತೋಳನ್ನೇ ಕತ್ತರಿಸಿ ಅರ್ಪಿಸಿದನೆಂದು ಪ್ರಸಿದ್ಧಿ. ಷಾವೊಲಿನ್ ಭಿಕ್ಷುಗಳು ಒಂದೇ ಕೈಯೆತ್ತಿ ನಮಸ್ಕರಿಸುವುದು ಆ ತ್ಯಾಗದ ನೆನಪಿಗಾಗಿ ಎಂದು ಹೇಳುವರು. ದಾವೊಷುವಾನನ ಪ್ರಕಾರ ಹುಯ್‌ಕೊನ ತೋಳನ್ನು ಕತ್ತರಿಸಿದವರು ಕಳ್ಳರು. ಕಳ್ಳರ ಕೃತ್ಯವು ಎರಡು ಮೂರು ತಲೆಮಾರುಗಳಲ್ಲಿ ಶಿಷ್ಯನ ನಿಷ್ಠೆಯಾಯಿತು. ಐತಿಹ್ಯವು ಹೀಗೆ ಘಟನೆಯನ್ನು ನೀತಿಯಾಗಿ ತಿರುಗಿಸುವ ಬಗೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನದನ್ನು ನೋಡಬೇಕು.

ವಿಹಾರದ ನಿಜವಾದ ಸ್ಥಾಪಕನೂ ಭಾರತದಿಂದ ಹೋದವನೇ. ಚೀನೀ ದಾಖಲೆಗಳು ಅವನನ್ನು ಬಾತುವೊ ಎಂದು ಕರೆಯುತ್ತವೆ. ಕ್ರಿ.ಶ. 495ರ ಸುಮಾರಿನಲ್ಲಿ ಉತ್ತರ ವೇಯ್ ವಂಶದ ಷಿಯಾವೊವೆನ್ ಚಕ್ರವರ್ತಿಯು ಅವನಿಗಾಗಿ ಸೊಂಗ್ ಪರ್ವತದ ಷಾವೊಷಿ ಶಿಖರದ ಕಾಡಿನಲ್ಲಿ ವಿಹಾರವನ್ನು ಕಟ್ಟಿಸಿದನು. ಷಾವೊಲಿನ್ ಎಂಬ ಹೆಸರು ಆ ಕಾಡಿನಿಂದ ಬಂದುದು. ಬಾತುವೊವಿನ ಶಿಷ್ಯರಲ್ಲೊಬ್ಬನಾದ ಸೆಂಗ್‌ಚೊ ಎಂಬುವನನ್ನು ಕುರಿತು ತಾಂಗ್ ಕಾಲದ ಲೇಖಕನಾದ ಜಾಂಗ್ ಜುವೊ ಒಂದು ಕಥೆಯನ್ನು ಹೇಳುತ್ತಾನೆ. ಕಥೆ ನಡೆಯುವುದು ಷಾವೊಲಿನ್‌ನಲ್ಲಲ್ಲ. ಆದರೂ ನಮ್ಮ ವಿಚಾರಕ್ಕೆ ಅದು ಬಹಳ ಬೆಲೆಯುಳ್ಳದ್ದು. ಬಾಲಭಿಕ್ಷುವಾಗಿದ್ದ ಸೆಂಗ್‌ಚೊ ಬಡಕಲು ದೇಹದವನು. ಬಿಡುವಿನ ವೇಳೆಯಲ್ಲಿ ಕುಸ್ತಿಯಾಡುತ್ತಿದ್ದ ಜೊತೆಯವರು ಅವನನ್ನು ಹೊಡೆದು ಹಿಂಸಿಸುತ್ತಿದ್ದರು. ಅವನು ವಜ್ರಪಾಣಿಯ ವಿಗ್ರಹದ ಕಾಲು ಹಿಡಿದು ಆರು ದಿನ ಪ್ರಾರ್ಥಿಸಿದನು. ದೇವನು ಕಾಣಿಸಿಕೊಂಡು, ಬಟ್ಟಲ ತುಂಬ ಮಾಂಸದ ನರಗಳನ್ನು ಮುಂದೊಡ್ಡಿ ತಿನ್ನೆಂದನು. ಮಾಂಸವು ನಿಷಿದ್ಧವೆಂದು ಹುಡುಗನು ಹಿಂಜರಿದನು. ವಜ್ರಾಯುಧವನ್ನೆತ್ತಿ ಬೆದರಿಸಿದ ಮೇಲೆ ಹೆದರಿ ತಿಂದನು. ಆ ಕೂಡಲೆ ಅವನಿಗೆ ಅಮಾನುಷವಾದ ಬಲ ಬಂದಿತು. ಬಲವು ಬೇಕಾದರೆ ಶೀಲಭಂಗವಾಗಬೇಕು. ಶೀಲಭಂಗಕ್ಕೆ ಪ್ರೇರೇಪಿಸುವವನು ಬುದ್ಧನ ಅಂಗರಕ್ಷಕನಾದ ದೇವತೆಯೇ! ಭಿಕ್ಷುವಿನ ಬಲವನ್ನು ಕುರಿತು ಚೀನೀಯರ ಮನಸ್ಸಿನಲ್ಲಿದ್ದ ಇಬ್ಬಂದಿಯನ್ನು ಯಾವ ಶಾಸ್ತ್ರಗ್ರಂಥವೂ ಈ ಚಿಕ್ಕ ಕಥೆಯಷ್ಟು ಸ್ಪಷ್ಟವಾಗಿ ಹೇಳಲಾರದು.

ಷಾವೊಲಿನ್ ಭಿಕ್ಷುಗಳು ಯುದ್ಧರಂಗಕ್ಕೆ ಇಳಿದುದಕ್ಕೆ ದೊರೆಯುವ ಮೊದಲನೆಯ ಖಚಿತವಾದ ಆಧಾರ ಕ್ರಿ.ಶ. 621ರದು. ಸುಯ್ ವಂಶವು ಅಳಿದು ತಾಂಗ್ ವಂಶವು ತಲೆಯೆತ್ತುತ್ತಿದ್ದ ಅರಾಜಕತೆಯ ಕಾಲ. ಲೋಯಾಂಗ್ ನಗರವು ವಾಂಗ್ ಷಿಚೊಂಗ್ ಎಂಬ ಸೇನಾನಿಯ ವಶದಲ್ಲಿದ್ದಿತು. ತಾಂಗ್ ರಾಜಕುಮಾರನಾದ ಲೀ ಷಿಮಿನ್ ಅವನ ಮೇಲೆ ದಂಡೆತ್ತಿ ಬಂದಿದ್ದನು. ವಿಹಾರಕ್ಕೆ ಸೇರಿದ ಒಂದು ಕಣಿವೆಯ ಜಮೀನನ್ನು ವಾಂಗನ ಕಡೆಯವರು ಆಕ್ರಮಿಸಿ ಪಾಳೆಯವನ್ನಾಗಿ ಮಾಡಿಕೊಂಡಿದ್ದರು. ಭಿಕ್ಷುಗಳು ಆ ಪಾಳೆಯದ ಮೇಲೆ ಬಿದ್ದು, ವಾಂಗನ ಅಣ್ಣತಮ್ಮಂದಿರ ಮಗನಾದ ರೆನ್‌ಜೆ ಎಂಬುವನನ್ನು ಸೆರೆಹಿಡಿದು ರಾಜಕುಮಾರನಿಗೆ ಒಪ್ಪಿಸಿದರು. ವಿಹಾರದಲ್ಲಿ 728ರಲ್ಲಿ ನಿಲ್ಲಿಸಿದ ಶಿಲಾಲೇಖದಲ್ಲಿ ರಾಜಕುಮಾರನು ಬರೆದ ಮೆಚ್ಚಿಕೆಯ ಪತ್ರವೂ 13 ಮಂದಿ ಭಿಕ್ಷುಗಳ ಹೆಸರುಗಳೂ ಇವೆ. ಇವರಲ್ಲಿ ತಾನ್‌ಜೊಂಗ್ ಒಬ್ಬನಿಗೆ ಮಾತ್ರ ಮಹಾಸೇನಾಪತಿಯ ಬಿರುದು ದೊರೆಯಿತು. ವಿಹಾರಕ್ಕೆ 40 ಛಿಂಗ್, ಎಂದರೆ ಸುಮಾರು 500 ಎಕರೆ, ಭೂಮಿಯೂ ಒಂದು ನೀರುಗಿರಣಿಯೂ ದತ್ತಿಯಾಗಿ ಸಂದವು.

ನಮ್ಮ ನಾಡಿನ ದತ್ತಿಶಾಸನಗಳನ್ನು ಓದಿ ಬಳಕೆಯಿರುವವರಿಗೆ ಈ ಶಿಲಾಲೇಖದ ಸ್ವರೂಪವು ಕೂಡಲೆ ತಿಳಿಯುತ್ತದೆ. ಯುದ್ಧ ನಡೆದ 100 ವರ್ಷಗಳ ಅನಂತರ, ವಿಹಾರಗಳ ಆಸ್ತಿಯ ಮೇಲೆ ಸರ್ಕಾರದ ಕಣ್ಣು ಬಿದ್ದಿದ್ದ ಕಾಲದಲ್ಲಿ, ತಮ್ಮ ಭೂಮಿಯು ರಾಜಸೇವೆಗೆ ಸಂದ ಪ್ರತಿಫಲವೆಂಬುದನ್ನು ಕಲ್ಲಿನಲ್ಲಿ ಕಂಡರಿಸಿ ಭದ್ರಪಡಿಸಿಕೊಂಡರು. ಅವರು ಯಾವ ಆಯುಧದಿಂದ ಕಾದಿದರು, ವಿಹಾರದಲ್ಲಿ ಯುದ್ಧಾಭ್ಯಾಸವಿತ್ತೇ ಎಂಬುದರ ಬಗೆಗೆ ಶಿಲೆಯು ಮೌನವಾಗಿದೆ. ಧರ್ಮಸಂಕಟದ ಸೂಚನೆಯೂ ಅಲ್ಲಿಲ್ಲ. ಜಮೀನಿಗಾಗಿ ಹೊಡೆದಾಡಿದರು, ಗೆಲ್ಲುವವನ ಪಕ್ಷವನ್ನು ಸರಿಯಾಗಿ ಊಹಿಸಿದರು: ಸರಳವಾಗಿ ಹೇಳಬೇಕಾದರೆ ಇಷ್ಟೇ.

ಈ ಲೀ ಷಿಮಿನನೇ ಮುಂದೆ ತಾಯ್‌ಜೊಂಗ್ ಚಕ್ರವರ್ತಿ. ಭಾರತಯಾತ್ರೆಯನ್ನು ಮುಗಿಸಿ 645ರಲ್ಲಿ ಹಿಂದಿರುಗಿದ ಹ್ಯೂಯೆನ್‌ತ್ಸಾಂಗನು ಷಾವೊಲಿನ್ ವಿಹಾರದಲ್ಲಿ ಕುಳಿತು ಗ್ರಂಥಗಳನ್ನು ಅನುವಾದಿಸಲು ಅನುಮತಿ ಬೇಡಿದುದು ಇವನನ್ನೇ, ಚಕ್ರವರ್ತಿಯು ಒಪ್ಪಲಿಲ್ಲ. ಹ್ಯೂಯೆನ್‌ತ್ಸಾಂಗನು ಹುಟ್ಟಿದ ಊರು ಆ ವಿಹಾರಕ್ಕೆ ಸಮೀಪ. ಬಾದಾಮಿಯ ಚಾಲುಕ್ಯ ಪುಲಕೇಶಿಯ ಸೈನಿಕರ ಶೌರ್ಯವನ್ನು ವರ್ಣಿಸಿ ನಮ್ಮ ಪಠ್ಯಪುಸ್ತಕಗಳಲ್ಲಿ ಸ್ಥಾನ ಪಡೆದ ಈ ಯಾತ್ರಿಕನು ತನ್ನ ಊರ ಬಳಿಯ ವಿಹಾರವನ್ನು ಶಾಂತವಾದ ವಿದ್ಯಾಸ್ಥಾನವೆಂದೇ ಭಾವಿಸಿ ಕೇಳಿದನೆಂಬುದು ಗಮನಾರ್ಹ. 7ನೆಯ ಶತಮಾನದಲ್ಲಿ ಷಾವೊಲಿನ್ ಎಂದರೆ ಗರಡಿಯೆಂಬ ಭಾವನೆ ಇನ್ನೂ ಹುಟ್ಟಿರಲಿಲ್ಲ.

ಹಿಂಸೆಯನ್ನು ಸಮರ್ಥಿಸುವ ಶಾಸ್ತ್ರವಾಕ್ಯಗಳು ಮಹಾಯಾನದಲ್ಲಿ ಇಲ್ಲದಿಲ್ಲ. ಉಪಾಯಕೌಶಲ್ಯಸೂತ್ರದ ಹಡಗಿನ ನಾಯಕನ ಕಥೆಯನ್ನು ಹಲವರು ಬಲ್ಲರು. 500 ಮಂದಿ ವರ್ತಕರನ್ನು ಕೊಲ್ಲಲು ಹೊಂಚುಹಾಕಿದ್ದ ಕಳ್ಳನನ್ನು, ಪೂರ್ವಜನ್ಮದಲ್ಲಿ ನಾಯಕನಾಗಿದ್ದ ಬೋಧಿಸತ್ತ್ವನು ತಾನೇ ಕೊಲ್ಲುತ್ತಾನೆ. ವರ್ತಕರ ಪ್ರಾಣ ಉಳಿಯಲೆಂದು ಮಾತ್ರವಲ್ಲ, ಆ ಕಳ್ಳನು ಅಷ್ಟು ದೊಡ್ಡ ಪಾಪವನ್ನು ಮಾಡಿ ನರಕಕ್ಕೆ ಬೀಳದಿರಲೆಂದು. ಕೊಂದ ಪಾಪದ ಫಲವನ್ನು ತಾನು ಅನುಭವಿಸಲು ಸಿದ್ಧನಾಗಿ. ಇದು ಬಹು ಎತ್ತರದ, ಅಷ್ಟೇ ಅಪಾಯಕರವಾದ ವಿಚಾರ. ಕೊಲ್ಲುವವನು ನರಕವನ್ನು ಸ್ವೀಕರಿಸಬೇಕೆಂಬ ನಿಬಂಧನೆಯನ್ನು ಮರೆತು ಕೊಲ್ಲಬಹುದೆಂಬ ಅನುಮತಿಯನ್ನು ಮಾತ್ರ ಉಳಿಸಿಕೊಳ್ಳುವುದು ಮನುಷ್ಯಸ್ವಭಾವಕ್ಕೆ ಸುಲಭ. ಆದರೆ ಆಶ್ಚರ್ಯದ ಸಂಗತಿಯೆಂದರೆ, ಷಾವೊಲಿನ್ ಭಿಕ್ಷುಗಳು ತಮ್ಮನ್ನು ಸಮರ್ಥಿಸಿಕೊಳ್ಳಲು ಇಂಥ ಸೂತ್ರಗಳನ್ನು ಹೆಚ್ಚಾಗಿ ಆಶ್ರಯಿಸಲಿಲ್ಲ. ಅವರು ಮೊರೆಹೊಕ್ಕಿದ್ದು ದೇವತೆಗಳನ್ನು.

ವಿಹಾರದ ಅಧಿಪತಿಯಾಗಿದ್ದ ವೆನ್‌ಜಾಯ್ ಎಂಬುವನು 1517ರಲ್ಲಿ ಒಂದು ಶಿಲಾಲೇಖವನ್ನು ಬರೆಸಿದನು. ಅದರ ಪ್ರಕಾರ, ಯುವಾನ್ ವಂಶದ ಕೊನೆಗಾಲದಲ್ಲಿ, 1351ರಲ್ಲಿ, ಕೆಂಪು ರುಮಾಲಿನ ದಂಗೆಕೋರರು ವಿಹಾರಕ್ಕೆ ಮುತ್ತಿಗೆ ಹಾಕಿದಾಗ ಅಡಿಗೆಮನೆಯಲ್ಲಿ ದುಡಿಯುತ್ತಿದ್ದ ಒಬ್ಬ ಆಳು ಒಲೆಯ ಕೊಳ್ಳಿ ಕೆದಕುವ ಕೋಲನ್ನು ಹಿಡಿದು ಹೊರಬಂದು ಪರ್ವತದಷ್ಟು ಬೆಳೆದು ನಿಂತನು, ದಂಗೆಕೋರರು ಓಡಿಹೋದರು, ಅವನು ನಾರಾಯಣನೆಂಬ ಹೆಸರುಳ್ಳ ವಜ್ರಪಾಣಿ. ವಾಸ್ತವವಾಗಿ ನಡೆದುದು ಇದಕ್ಕೆ ತದ್ವಿರುದ್ಧ. ಆ ದಂಗೆಯ ಕಾಲದಲ್ಲಿ ವಿಹಾರವು ಹಾಳಾಯಿತು, ಭಿಕ್ಷುಗಳು ಚದುರಿಹೋದರು. ಸೋಲಿನ ನೆನಪು ದೇವರ ಗೆಲುವಾಗಿ ಮಾರ್ಪಟ್ಟಿತು. ಕಾಲಕ್ರಮದಲ್ಲಿ ದೇವತೆಯ ಹೆಸರೂ ಬದಲಾಗಿ, ವಜ್ರಪಾಣಿಯ ಸ್ಥಾನಕ್ಕೆ ಕಿನ್ನರನು ಬಂದನು. ಕಿನ್ನರನೆಂದರೆ ನಮಗೆ ದೇವಲೋಕದ ಗಾಯಕ. ಕಿನ್ನರಿ ವಾದ್ಯವನ್ನೂ ಕಿನ್ನರಿಬೊಮ್ಮಯ್ಯನನ್ನೂ ಬಲ್ಲ ಕನ್ನಡಿಗರಿಗೆ ದೊಣ್ಣೆವರಸೆಯ ಕಿನ್ನರನನ್ನು ಊಹಿಸಿಕೊಳ್ಳುವುದೇ ಕಷ್ಟ. ಸದ್ಧರ್ಮಪುಂಡರೀಕದಂಥ ಸೂತ್ರಗಳ ಮೂಲಕ ಕಿನ್ನರನ ಹೆಸರು ಮಾತ್ರ ಅಲ್ಲಿಗೆ ಹೋಗಿದ್ದಿತು. ಸಂಗೀತವು ಹೋಗಲಿಲ್ಲವೆಂದು ತೋರುತ್ತದೆ.

ಹೀಗೆ ದಂಡವು ಷಾವೊಲಿನ್ ಭಿಕ್ಷುವಿನ ಮುಖ್ಯಾಯುಧವಾಯಿತು. ಇದಕ್ಕೆ ನೈತಿಕವಾದ ಕಾರಣವೂ ಇದ್ದಿರಬೇಕು. ಭಿಕ್ಷುವಿಗೆ ಕೋಲು ನಿಷಿದ್ಧವಲ್ಲ. ಬಳೆಗಳನ್ನು ಕಟ್ಟಿದ ದಂಡವನ್ನು ಹಿಡಿದು ಸಂಚರಿಸುವುದು ಭಿಕ್ಷುಧರ್ಮದ ಲಕ್ಷಣವೇ. ಕತ್ತಿಯಂತೆ ಅದು ಹುಟ್ಟಿನಿಂದಲೇ ರಕ್ತಕ್ಕಾಗಿ ಮಾಡಿದ ವಸ್ತುವಲ್ಲ. ಆದರೆ ಇಷ್ಟರಿಂದ ಅದನ್ನು ನಿರುಪದ್ರವಿಯೆಂದು ಬಗೆಯಬಾರದು. 1553ರ ಜುಲೈ ತಿಂಗಳಿನಲ್ಲಿ, ಯಾಂಗ್‌ಜಿ ನದಿಯ ಮುಖಜಭೂಮಿಯ ಕರಾವಳಿಯನ್ನು ಸುಲಿಯುತ್ತಿದ್ದ ಕಡಲುಗಳ್ಳರ ಮೇಲೆ ಸರ್ಕಾರವು ಭಿಕ್ಷುಗಳ ಪಡೆಯನ್ನು ಕಳುಹಿಸಿತು. ಷಾವೊಲಿನ್‌ನ ತಿಯೆನ್‌ಯುವಾನ್ ಅದರ ನಾಯಕ. ಸುಮಾರು 120 ಮಂದಿ ಭಿಕ್ಷುಗಳು ಕಡಲುಗಳ್ಳರನ್ನು ಹತ್ತು ದಿನ ಬೆನ್ನಟ್ಟಿ ನೂರಕ್ಕೂ ಹೆಚ್ಚು ಜನರನ್ನು ಕೊಂದರು. ತಮ್ಮಲ್ಲಿ ನಾಲ್ವರನ್ನು ಕಳೆದುಕೊಂಡರು. ಇದನ್ನು ಅದೇ ಶತಮಾನದಲ್ಲಿ ಮೆಚ್ಚಿ ಬರೆದಿಟ್ಟವನು ಜೆಂಗ್ ರುವೊತ್ಸೆಂಗ್. ಓಡಿಹೋಗುತ್ತಿದ್ದ ಕಡಲುಗಳ್ಳನೊಬ್ಬನ ಹೆಂಡತಿಯನ್ನು ಒಬ್ಬ ಭಿಕ್ಷುವು ಕಬ್ಬಿಣದ ದಂಡದಿಂದ ಹೊಡೆದು ಕೊಂದನೆಂಬುದನ್ನೂ ಅವನ ಬರವಣಿಗೆಯೇ ತಿಳಿಸುತ್ತದೆ.

ಷಾವೊಲಿನ್ ವಿದ್ಯೆಯ ನೀತಿಯನ್ನು ಕುರಿತು ಬರೆಯುವವರು ಈ ಹೆಂಗಸನ್ನು ಮರೆಯುವುದೇ ಹೆಚ್ಚು. ಅವಳ ಹೆಸರು ಯಾರಿಗೂ ತಿಳಿಯದು. ಹಡಗಿನ ನಾಯಕನ ಕಥೆಯಿಂದ ಈ ಕೊಲೆಯನ್ನು ಸಮರ್ಥಿಸಲಾಗದು, ಕಿನ್ನರನಿಂದಲೂ ಆಗದು. ಕರಾವಳಿಯ ಜನರು ಸುಲಿಗೆಯಿಂದ ನೊಂದಿದ್ದರೆಂಬುದು ನಿಜ. ಸರ್ಕಾರದ ಸೈನ್ಯವು ನಿಷ್ಪ್ರಯೋಜಕವಾಗಿದ್ದಿತೆಂಬುದೂ ನಿಜ. ಅವೆಲ್ಲವನ್ನೂ ಒಪ್ಪಿಕೊಂಡ ಮೇಲೆಯೂ ಆ ಒಂದು ಪೆಟ್ಟು ಲೆಕ್ಕಕ್ಕೆ ಸಿಗದೆ ಉಳಿಯುತ್ತದೆ. ಅದನ್ನು ಒಳಗೊಳ್ಳದ ತತ್ತ್ವವಿವರಣೆಯು ಚರಿತ್ರೆಯೆನಿಸಲಾರದು.

ಆದರೂ ವಿದ್ಯೆಯ ಒಳಗೆ ಧರ್ಮವಿಚಾರವು ಬೆಳೆಯಲಿಲ್ಲವೆನ್ನುವಂತಿಲ್ಲ. ಮಿಂಗ್ ವಂಶದ ಕೊನೆಯ ದಶಕಗಳಲ್ಲಿ ಚೆಂಗ್ ಜೊಂಗ್‌ಯೊ ಎಂಬ ಗೃಹಸ್ಥನು ಹತ್ತು ವರ್ಷಗಳಿಗೂ ಮಿಗಿಲಾಗಿ ಷಾವೊಲಿನ್‌ನಲ್ಲಿ ಅಭ್ಯಾಸಮಾಡಿ ದಂಡವಿದ್ಯೆಯ ಮೇಲೆ ಗ್ರಂಥವನ್ನು ರಚಿಸಿದನು. ಅಲ್ಲಿಯ ವರಸೆಗಳಿಗೆ ದೊಡ್ಡ ಯಕ್ಷ, ಚಿಕ್ಕ ಯಕ್ಷ ಎಂಬ ಹೆಸರುಗಳಿವೆ. ಷಾವೊಲಿನ್ ಭಿಕ್ಷುಗಳು ಈಚೆಗೆ ದಂಡವನ್ನು ಬಿಟ್ಟು ಮುಷ್ಟಿಯುದ್ಧವನ್ನೇಕೆ ಅಭ್ಯಸಿಸುತ್ತಿದ್ದಾರೆ ಎಂಬ ಪ್ರಶ್ನೆಯನ್ನು ಅವನೇ ಎತ್ತಿ ಉತ್ತರಿಸುತ್ತಾನೆ. ದಂಡವಿದ್ಯೆಯು ಕಿನ್ನರರಾಜನಿಂದ ಬಂದು ಪರಿಪೂರ್ಣವಾಗಿದೆ, ಬೋಧಿಗೆ ಸಮಾನವಾಗಿದೆ. ಬರಿಗೈಯ ವಿದ್ಯೆಯು ದೇಶದಲ್ಲಿ ಇನ್ನೂ ಪ್ರಚಾರಕ್ಕೆ ಬಂದಿಲ್ಲ. ಅದನ್ನೂ ಆಚೆಯ ದಡವನ್ನು ಮುಟ್ಟಿಸುವ ಸಾಧನವನ್ನಾಗಿ ಮಾಡಬೇಕೆಂಬುದೇ ಭಿಕ್ಷುಗಳ ಉದ್ದೇಶ ಎಂಬುದು ಅವನ ಉತ್ತರದ ಸಾರಾಂಶ. ಆಚೆಯ ದಡವೆಂದರೆ ನಿರ್ವಾಣ. ಯುದ್ಧವಿದ್ಯೆಯೇ ಸಾಧನಾಮಾರ್ಗವಾಗಬಹುದೆಂಬ ಮಾತು ನನಗೆ ತಿಳಿದಮಟ್ಟಿಗೆ ಇಷ್ಟು ನೇರವಾಗಿ ಇದಕ್ಕೆ ಮೊದಲು ಷಾವೊಲಿನ್ ಸಂಬಂಧದಲ್ಲಿ ಬಂದಿಲ್ಲ. ಗಮನಿಸಬೇಕಾದುದೇನೆಂದರೆ, ರಣರಂಗದಲ್ಲಿ ಬರಿಗೈಯಿಂದ ಪ್ರಯೋಜನವು ಅತ್ಯಲ್ಪ. ಅದು ಕೋವಿಗಳ ಕಾಲ ಬೇರೆ. ಪ್ರಯೋಜನವು ಕಡಮೆಯಾದ ವಿದ್ಯೆಯಲ್ಲಿಯೇ ತತ್ತ್ವಕ್ಕೆ ಹೆಚ್ಚು ಅವಕಾಶ ದೊರೆಯಿತು.

ಆ ತತ್ತ್ವವು ಕೇವಲ ಬೌದ್ಧವಾಗಿಯೂ ಉಳಿಯಲಿಲ್ಲ. ಬುದ್ಧ, ಕನ್‌ಫ್ಯೂಷಿಯಸ್, ಲಾವೋತ್ಸೆ ಈ ಮೂವರ ಮತಗಳೂ ಒಂದೇ ಎಂಬ ಅಭಿಪ್ರಾಯವು ಮಿಂಗ್ ಕಾಲದ ವಿದ್ಯಾವಂತರಲ್ಲಿ ಹರಡಿದ್ದಿತು. ಮೂವರೂ ಒಂದೇ ಮುಖದಲ್ಲಿ ಕಾಣುವಂತೆ 1565ರಲ್ಲಿ ಕೆತ್ತಿದ ಶಿಲಾಚಿತ್ರವು ಷಾವೊಲಿನ್ ವಿಹಾರದಲ್ಲಿಯೇ ಇದೆ. ದಾವೋ ಪಂಥದವರು ಆಯುಷ್ಯವೃದ್ಧಿಗಾಗಿ ಶತಮಾನಗಳಿಂದ ಸಾಧಿಸಿಕೊಂಡು ಬಂದಿದ್ದ ಉಸಿರಾಟದ ಕ್ರಮಗಳೂ ಅಂಗಮರ್ದನದ ವಿಧಾನಗಳೂ ಈ ವಾತಾವರಣದಲ್ಲಿ ಮುಷ್ಟಿವಿದ್ಯೆಯೊಡನೆ ಬೆರೆತವು. ಪ್ರಾಣಶಕ್ತಿಯನ್ನು ತುಂಬಿ ನರಗಳನ್ನು ಗಟ್ಟಿಗೊಳಿಸುವುದನ್ನು ಬೋಧಿಸುವ ಸ್ನಾಯುಪರಿವರ್ತನ ಸೂತ್ರವು ಇದರ ಫಲ. ಬೋಧಿಧರ್ಮನನ್ನು ವ್ಯಾಯಾಮಕ್ಕೆ ಗಂಟುಹಾಕಿದ ಗ್ರಂಥ ಇದೇ. ಇದಕ್ಕೆ ಎರಡು ಮುನ್ನುಡಿಗಳಿವೆ: ತಾಂಗ್ ಸೇನಾಪತಿ ಲೀ ಜಿಂಗನು 628ರಲ್ಲಿ ಬರೆದನೆಂಬುದು ಒಂದು, ಸುಂಗ್ ಸೇನಾನಿ ನ್ಯೂ ಗಾವೊ 1142ರಲ್ಲಿ ಬರೆದನೆಂಬುದು ಇನ್ನೊಂದು. ಮೊದಲನೆಯದರಲ್ಲಿ ಗ್ರಂಥವು ಕೈಯಿಂದ ಕೈಗೆ ಬಂದ ಪರಂಪರೆಯನ್ನು ಹೇಳುವಾಗ ಪೊದೆಗಡ್ಡದ ವೀರನೊಬ್ಬನ ಹೆಸರು ಬರುತ್ತದೆ. ಅವನು ತಾಂಗ್ ಕಾಲದ ಒಂದು ಕಟ್ಟುಕಥೆಯ ಪಾತ್ರ! 18ನೆಯ ಶತಮಾನದ ವಿದ್ವಾಂಸನಾದ ಲಿಂಗ್ ತಿಂಗ್‌ಕಾನನೇ ಈ ಮುನ್ನುಡಿಗಳನ್ನು ಗೇಲಿಮಾಡಿದ್ದಾನೆ. ಗ್ರಂಥದ ಕೊನೆಯ ಟಿಪ್ಪಣಿಗೆ 1624ರ ತಾರೀಖು ಇದೆ. ಅದನ್ನು ಬರೆದವನು ತನ್ನನ್ನು ದಾವೋ ಮಾರ್ಗಿಯೆಂದು ಕರೆದುಕೊಂಡಿದ್ದಾನೆ.

ಆದುದರಿಂದ ಕಾಂಚಿಯ ರಾಜಕುಮಾರನೊಬ್ಬನು ನಮ್ಮ ದಕ್ಷಿಣದ ಕಳರಿ ವಿದ್ಯೆಯನ್ನು ಚೀನಕ್ಕೆ ಒಯ್ದನೆಂದು ಸಭೆಗಳಲ್ಲಿ ಹೇಳುವ ಮಾತಿಗೆ ಆಧಾರವಿಲ್ಲ. ಇದರಿಂದ ನಮಗೆ ನಷ್ಟವೇನೂ ಇಲ್ಲ. ಭಾರತವು ಆ ವಿಹಾರಕ್ಕೆ ಕೊಟ್ಟುದು ಗುದ್ದು ಒದೆತಗಳನ್ನಲ್ಲ. ಸ್ಥಾಪಕನನ್ನು ಕೊಟ್ಟಿತು, ವಜ್ರಪಾಣಿಯನ್ನೂ ಕಿನ್ನರನನ್ನೂ ಯಕ್ಷನನ್ನೂ ಕೊಟ್ಟಿತು, ಆಚೆಯ ದಡವೆಂಬ ಕಲ್ಪನೆಯನ್ನು ಕೊಟ್ಟಿತು. ಎಲ್ಲಕ್ಕಿಂತ ಮಿಗಿಲಾಗಿ, ಕೊಲ್ಲಬಾರದೆಂಬ ಶೀಲವನ್ನು ಕೊಟ್ಟು ಹೊಡೆದಾಡುವ ಭಿಕ್ಷುವಿನ ಮನಸ್ಸಿನಲ್ಲಿ ತೀರದ ತೊಡಕನ್ನಿಟ್ಟಿತು. ದೇಹಸಾಧನೆಯ ಕ್ರಮಗಳು ಚೀನದ ಮಣ್ಣಿನವು.

ಯುದ್ಧವಿದ್ಯೆಯ ನೀತಿಗೆ ಚೀನೀಯರು ಕೊಡುವ ಹೆಸರು ‘ವೂ ದೆ’. ಅದರ ಬೇರು ಷಾವೊಲಿನ್‌ಗಿಂತ ಬಹಳ ಹಳೆಯದು. ಚೂ ರಾಜ್ಯದ ಜುವಾಂಗ್ ಎಂಬ ದೊರೆಯು ಕ್ರಿ.ಪೂ. 597ರಲ್ಲಿ ಯುದ್ಧವನ್ನು ಗೆದ್ದ ಮೇಲೆ, ಶತ್ರುಗಳ ಹೆಣಗಳಿಂದ ವಿಜಯದ ದಿಬ್ಬವನ್ನು ಕಟ್ಟಿಸಲು ಒಪ್ಪದೆ, ‘ವೂ’ ಎಂಬ ಅಕ್ಷರವು ಈಟಿ ಮತ್ತು ನಿಲ್ಲಿಸು ಎಂಬ ಎರಡು ಚಿಹ್ನೆಗಳಿಂದಾದುದೆಂದೂ ಆದ್ದರಿಂದ ಆಯುಧವನ್ನು ತಡೆಯುವುದೇ ಪರಾಕ್ರಮವೆಂದೂ ಹೇಳಿದನೆಂದು ಜುವೊಜುವಾನ್ ಎಂಬ ಪ್ರಾಚೀನ ಇತಿಹಾಸದಲ್ಲಿದೆ. ಭಾಷಾವಿದರು ಇದನ್ನು ಒಪ್ಪುವುದಿಲ್ಲ. ‘ನಿಲ್ಲಿಸು’ ಎಂದು ಓದಲಾದ ಚಿಹ್ನೆಯು ಮೂಲದಲ್ಲಿ ಕಾಲಿನ ಚಿತ್ರ. ಈಟಿ ಹಿಡಿದು ನಡೆಯುವುದೆಂದೇ ಅಕ್ಷರದ ಮೊದಲ ಅರ್ಥವಿರಬೇಕು. ಆದರೆ ತಪ್ಪು ನಿರುಕ್ತಿಯು ಎರಡು ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಯೋಧರ ಬಾಯಲ್ಲಿ ಸರಿಯಾದ ಮಾತಾಗಿ ಉಳಿದಿದೆ.

ವಿದ್ಯೆಯನ್ನು ಯಾರಿಗೆ ಕಲಿಸಬೇಕು, ಯಾರಿಗೆ ಕಲಿಸಬಾರದು ಎಂಬುದು ಮಂಚೂ ಅರಸರ ಕಾಲದಲ್ಲಿ ಮುಖ್ಯ ಪ್ರಶ್ನೆಯಾಯಿತು. 1727ರಲ್ಲಿ ಯುಂಗ್‌ಜೆಂಗ್ ಚಕ್ರವರ್ತಿಯು ಮುಷ್ಟಿವಿದ್ಯೆಯ ಬೋಧನೆಯನ್ನೇ ನಿಷೇಧಿಸಿದನು. 1828ರಲ್ಲಿ ಲಿನ್‌ಚಿಂಗ್ ಎಂಬ ಮಂಚೂ ಅಧಿಕಾರಿಯು ಷಾವೊಲಿನ್‌ಗೆ ಬಂದು ಪ್ರದರ್ಶನವನ್ನು ಕೇಳಿದಾಗ ಭಿಕ್ಷುಗಳು ತಮಗೆ ಅಂಥ ವಿದ್ಯೆ ತಿಳಿಯದೆಂದರು. ಭಯವಿಲ್ಲವೆಂದು ಅವನು ಭರವಸೆ ಕೊಟ್ಟ ಮೇಲೆಯೇ ಕೆಲವರು ಮುಂದೆ ಬಂದು ವರಸೆಗಳನ್ನು ತೋರಿಸಿದರು. ತೋರಿಸಿಕೊಳ್ಳಬಾರದೆಂಬ ನಿಯಮವು ವಿನಯದಿಂದ ಹುಟ್ಟಿತೋ ಭಯದಿಂದ ಹುಟ್ಟಿತೋ ಎಂದು ಬೇರ್ಪಡಿಸುವುದು ಕಷ್ಟ. ಎರಡೂ ಇದ್ದಿರಬಹುದು.

ಇಂದು ಷಾವೊಲಿನ್ ನೀತಿಯೆಂದು ಉದ್ಧರಿಸಲ್ಪಡುವ ದಶನಿಯಮಗಳು 1915ರಲ್ಲಿ ಅಚ್ಚಾದ ಒಂದು ಪುಸ್ತಕದಿಂದ ಪ್ರಸಿದ್ಧಿಗೆ ಬಂದವು. ಗುರುವನ್ನು ಗೌರವಿಸುವುದು, ಸಹಾಭ್ಯಾಸಿಗಳೊಡನೆ ಸೌಮ್ಯವಾಗಿರುವುದು, ಆತ್ಮರಕ್ಷಣೆಗಲ್ಲದೆ ಕೈಯೆತ್ತದಿರುವುದು, ಮದ್ಯಮಾಂಸಗಳನ್ನು ಬಿಡುವುದು ಮೊದಲಾದವು ಅದರಲ್ಲಿವೆ. ಆದರೆ ಅದೇ ಪುಸ್ತಕದಲ್ಲಿ ಮತ್ತೊಂದು ದಶನಿಯಮವೂ ಇದೆ. ಮಿಂಗ್ ವಂಶದ ಪತನಾನಂತರ ಅದರ ಅಭಿಮಾನಿಗಳು ವಿಧಿಸಿದರೆಂದು ಹೇಳುವ ಈ ಎರಡನೆಯ ಪಟ್ಟಿಯಲ್ಲಿ ಮೊದಲ ಸ್ಥಾನವು ಚೀನದ ಪುನರುದ್ಧಾರದ ಸಂಕಲ್ಪಕ್ಕೆ ಸಂದಿದೆ. ಮಂಚೂ ಪ್ರಭುತ್ವವು ಬಿದ್ದು ಮೂರೇ ವರ್ಷಗಳಾಗಿದ್ದ ಕಾಲದಲ್ಲಿ ಓದುಗರು ಯಾವ ಪಟ್ಟಿಗೆ ಮನಸೋತಿರಬಹುದೆಂದು ಊಹಿಸುವುದು ಕಷ್ಟವಲ್ಲ.

ಈ ಪುಸ್ತಕವನ್ನೂ ಬೋಧಿಧರ್ಮನ ಐತಿಹ್ಯವನ್ನೂ ಮೊದಲು ಕಟ್ಟುನಿಟ್ಟಾಗಿ ಪರೀಕ್ಷಿಸಿದವನು ತಾಂಗ್ ಹಾವೊ. ಅವನು ತಾನೇ ಈ ವಿದ್ಯೆಗಳನ್ನು ಅಭ್ಯಾಸಮಾಡಿದವನು. 1928ರಲ್ಲಿ ಸೇನಾನಾಯಕ ಷಿ ಯೊಸಾನನು ವಿಹಾರಕ್ಕೆ ಬೆಂಕಿಯಿಟ್ಟು ಅದರ ಮುಖ್ಯ ಕಟ್ಟಡಗಳನ್ನೂ ಗ್ರಂಥಸಂಗ್ರಹವನ್ನೂ ನಾಶಮಾಡಿದನು. ಎರಡು ವರ್ಷಗಳ ಅನಂತರ, 1930ರಲ್ಲಿ, ತಾಂಗ್ ಹಾವೊವಿನ ಸಂಶೋಧನಗ್ರಂಥವು ಪ್ರಕಟವಾಯಿತು. ಬೋಧಿಧರ್ಮನಿಗೂ ಮುಷ್ಟಿಯುದ್ಧಕ್ಕೂ ಸಂಬಂಧವಿಲ್ಲವೆಂದು ಅದರಲ್ಲಿ ಓದಿ ಕೋಪಗೊಂಡ ಕೆಲವು ಮಲ್ಲರು ಅವನನ್ನು ಹಿಡಿದು ಹೊಡೆಯಲು ಸಿದ್ಧರಾಗಿದ್ದರೆಂದೂ, ಅವರಲ್ಲಿಯೇ ಹಿರಿಯರು ಅಡ್ಡಬಂದು ತಡೆದರೆಂದೂ ಹೇಳುತ್ತಾರೆ.